ಮಾಸ್ತಮ್ಮನ ಕಲ್ಲು, ಎರಡು ಕ್ಯಾಮೆರಾ

ಮೂವತ್ತು ವರ್ಷ ಪರೀಕ್ಷಾ ಕೊಠಡಿಯಲ್ಲಿ ಮಕ್ಕಳ ಬೆನ್ನ ಹಿಂದೆ ಓಡಾಡಿದವನಿಗೆ ಯಾರನ್ನೂ ಪೂರ್ತಿ ನಂಬಲು ಬರುವುದಿಲ್ಲ. ಒಬ್ಬ ಕೆಮ್ಮಿದರೆ ಯಾಕೆ ಕೆಮ್ಮಿದ, ಇನ್ನೊಬ್ಬ ಕೆಮ್ಮದೆ ಕೂತಿದ್ದರೆ ಇಷ್ಟು ಸುಮ್ಮನೆ ಯಾಕೆ ಕೂತಿದ್ದಾನೆ ಎಂದು ಮನಸ್ಸು ಕೇಳುತ್ತದೆ. ನನ್ನ ಹೆಸರು ಶಾಂತರಾಜು. ಹೊಳೆನರಸೀಪುರದ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು, ನಿವೃತ್ತಿಗೆ ಇನ್ನು ಎರಡು ವರ್ಷ. ರಜೆಯ ದಿನ ಹೊಲ ತೋಟಗಳಲ್ಲಿ ಬಿದ್ದಿರುವ ಹಳೆಯ ಶಾಸನದ ಕಲ್ಲುಗಳ ಫೋಟೋ ತೆಗೆದು ಅಕ್ಷರ ಓದುವುದು ನನ್ನ ಹುಚ್ಚು. ಇಷ್ಟು ದಿನ ಮೊಬೈಲಿನಲ್ಲೇ ತೆಗೆಯುತ್ತಿದ್ದೆ, ಸವೆದ ಅಕ್ಷರ ಒಂದೂ ನೆಟ್ಟಗೆ ಬರುತ್ತಿರಲಿಲ್ಲ. ನಿವೃತ್ತಿಗೆ ಮುಂಚೆ ಒಂದು ಒಳ್ಳೆಯ ಕ್ಯಾಮೆರಾ ಕೊಂಡುಬಿಡೋಣವೆಂದು ಹಾಸನಕ್ಕೆ ಹೋದೆ.

ಅಂಗಡಿ ಕೀರ್ತಿರಾಜನದು. ಹದಿನೆಂಟು ವರ್ಷದ ಹಿಂದೆ ನಾನು ಶ್ರವಣಬೆಳಗೊಳದಲ್ಲಿದ್ದಾಗ ಅವನು ಅಲ್ಲಿ ಹತ್ತನೇ ಕ್ಲಾಸು. ಪಬ್ಲಿಕ್ ಪರೀಕ್ಷೆಯ ಗಣಿತದ ದಿನ ಅವನ ಕೈ ಪದೇ ಪದೇ ಜೇಬಿನ ಕಡೆ ಹೋಗುತ್ತಿತ್ತು. ಎಲ್ಲರೆದುರು ಎಬ್ಬಿಸಿ, ಜೇಬು ತಿರುವಿಸಿ, ಶೂ ಬಿಚ್ಚಿಸಿ ಹುಡುಕಿದೆ. ಏನೂ ಸಿಗಲಿಲ್ಲ. ಸಿಗಲಿಲ್ಲ ಎಂದ ಮಾತ್ರಕ್ಕೆ ಇರಲಿಲ್ಲ ಎಂದು ನಾನು ಒಪ್ಪಿಕೊಂಡವನಲ್ಲ. ಅವನು ಮಾತ್ರ ಎಲ್ಲಿ ಕಂಡರೂ ಕೈಮುಗಿಯುತ್ತಾನೆ, ಅದರಿಂದ ನನ್ನ ಸಂಶಯ ಇನ್ನಷ್ಟು ಹೆಚ್ಚುತ್ತದೆ.

ಗಾಜಿನ ಮೇಲೆ ಎರಡು ಕ್ಯಾಮೆರಾ ಇಟ್ಟ.

"ಇದು ಮಿರರ್‌ಲೆಸ್ ಸಾರ್, ಪ್ರೊಫೆಷನಲ್ಲು. ಫ್ಲಾಶನ್ನ ಬಿಚ್ಚಿ ಪಕ್ಕದಿಂದ ಹೊಡೆದ್ರೆ ಕಲ್ಲಿನ ಮೇಲಿರೋ ಗೀರುಗೀರೂ ಎದ್ದು ಬರುತ್ತೆ. ಇದು ಕಾಂಪ್ಯಾಕ್ಟು. ಅಂಗಿ ಜೇಬಲ್ಲಿ ಇಟ್ಕೊಂಡ್ರೆ ಇರೋದೇ ಗೊತ್ತಾಗಲ್ಲ. ಒಳ್ಳೇದೇ, ಆದ್ರೆ ಬಿಸಿಲಲ್ಲಿ ಬಿಳಿ ಬಣ್ಣ ತಡ್ಕೊಳಲ್ಲ, ಸುಟ್ಟಂಗೆ ಬರುತ್ತೆ. ನಿಮ್ಮ ಕೆಲ್ಸಕ್ಕೆ ದೊಡ್ಡದೇ ಸರಿ."

ದೊಡ್ಡದರ ಬೆಲೆಗೆ ಚಿಕ್ಕವು ಮೂರು ಬರುತ್ತಿದ್ದವು. ಮತ್ತೆ ದೊಡ್ಡದೇ ಸರಿ ಎನ್ನದೆ ಇನ್ನೇನು ಅಂದಾನು ಎಂದುಕೊಂಡೆ. ನನ್ನ ಮುಖ ನೋಡಿ ಅವನಿಗೆ ಗೊತ್ತಾಗಿರಬೇಕು.

"ಒಂದು ಕೆಲ್ಸ ಮಾಡಿ ಸಾರ್. ಎರಡೂ ತಗೊಂಡ್ ಹೋಗಿ. ಒಂದು ವಾರ ಇಟ್ಕೊಂಡು ನೋಡಿ. ಯಾವ್ದು ಒಗ್ಗುತ್ತೋ ಅದನ್ನ ಇಟ್ಕೊಳಿ, ಇನ್ನೊಂದು ವಾಪಸ್ ಕೊಡಿ. ಒಂದು ವಿಷ್ಯ ಮಾತ್ರ ಮರೀಬೇಡಿ, ತೆಗೆದ ತಕ್ಷಣ ಸ್ಕ್ರೀನಲ್ಲಿ ದೊಡ್ಡದು ಮಾಡಿ ನೋಡ್ಬೇಕು. ಮನೆಗೆ ಹೋಗಿ ನೋಡಿದ್ರೆ ಅಲುಗಾಡಿರುತ್ತೆ."

ಇಷ್ಟು ದೊಡ್ಡ ಸಾಮಾನನ್ನು ಒಂದು ಚೀಟಿಯೂ ಬರೆಸಿಕೊಳ್ಳದೆ ಯಾರು ಕೊಡುತ್ತಾರೆ? ಬಸ್ಸಿನಲ್ಲಿ ಕೂತು ಎರಡನ್ನೂ ತಿರುಗಿಸಿ ತಿರುಗಿಸಿ ನೋಡಿದೆ. ಎಲ್ಲೋ ಒಂದು ಗೀರಿದ್ದು, ಆಮೇಲೆ ಅದನ್ನು ನನ್ನ ತಲೆಗೆ ಕಟ್ಟುತ್ತಾನೆ ಎಂದು ಹುಡುಕಿದೆ. ಗೀರು ಇರಲಿಲ್ಲ.

ನಾನು ಓದಬೇಕೆಂದಿದ್ದ ಕಲ್ಲು ಇದ್ದದ್ದು ಹಳೇಕೋಟೆಯಿಂದ ಎರಡು ಮೈಲಿ ಒಳಗಿನ ಒಂದು ಕೊಪ್ಪಲಿನಲ್ಲಿ, ಕಲ್ಲಮ್ಮ ಎಂಬ ಮುದುಕಿಯ ಹೊಲದ ಬದುವಿನ ಮೇಲೆ. ಮಾಸ್ತಿಕಲ್ಲು ಅದು. ಸತ್ತ ಗಂಡನ ಜೊತೆ ಚಿತೆಗೆ ಹೋದ ಹೆಂಗಸಿನ ನೆನಪಿಗೆ ನೆಟ್ಟದ್ದು, ಬಳೆ ತೊಟ್ಟ ಒಂದು ತೋಳು, ಕೆಳಗೆ ನಾಲ್ಕು ಸಾಲು ಅಕ್ಷರ. ಊರವರು ಮಾಸ್ತಮ್ಮ ಅನ್ನುತ್ತಾರೆ. ಆ ಹೆಂಗಸಿನ ನಿಜವಾದ ಹೆಸರು ನಾಲ್ಕನೇ ಸಾಲಿನಲ್ಲಿದೆ ಎಂದು ನನಗೆ ಅನುಮಾನ. ಯಾರೂ ಈವರೆಗೆ ಓದಿರಲಿಲ್ಲ.

ಭಾನುವಾರ ದೊಡ್ಡ ಕ್ಯಾಮೆರಾ ಕುತ್ತಿಗೆಗೆ ಹಾಕಿಕೊಂಡು ಹೋದೆ. ಕೊಪ್ಪಲಿನ ಬಾಯಿಗೆ ಕಾಲಿಡುವಷ್ಟರಲ್ಲಿ ಹಿಂದಿನಿಂದ ಒಂದು ಬೈಕು ಬಂದು ನಿಂತಿತು. ತಿಮ್ಮಪ್ಪ, ಹಿಂದೊಮ್ಮೆ ಪಂಚಾಯಿತಿ ಮೆಂಬರಾಗಿದ್ದವರು, ಊರಿನ ದೊಡ್ಡ ಜಮೀನ್ದಾರರು. ಅವರ ಕಣ್ಣು ನನ್ನ ಮುಖಕ್ಕಿಂತ ಮೊದಲು ಕ್ಯಾಮೆರಾದ ಮೇಲೆ ಬಿತ್ತು.

"ಯಾವ್ ಇಲಾಖೆ ಸಾ?"

"ಇಲಾಖೆ ಅಲ್ಲ, ನಾನು ಮೇಷ್ಟ್ರು. ಮಾಸ್ತಿಕಲ್ಲಿನ ಫೋಟೋ ಬೇಕಿತ್ತು."

"ಮೇಷ್ಟ್ರಾ?" ಎಂದು ಲೆನ್ಸನ್ನೇ ನೋಡಿದರು. "ನಮ್ಮೂರ್ ಮೇಷ್ಟ್ರತ್ರ ಇಂಥಾದ್ ಇಲ್ವಲ್ಲ. ನಾಲೆ ಸರ್ವೆಗಾ, ರೋಡ್‌ಗಾ? ಆರ್ಡರ್ ಕಾಪಿ ಐತಾ?"

ಇಲ್ಲವೆಂದೆ. ಅದು ಅವರ ಅನುಮಾನಕ್ಕೆ ಇನ್ನೂ ಒಳ್ಳೆಯದಾಯಿತು. ಆದರೂ ಮರ್ಯಾದೆಯಿಂದ ಮನೆಗೆ ಕರೆದೊಯ್ದು, ನನ್ನ ಫೋನ್ ನಂಬರು ಬರೆದುಕೊಂಡು, ಕಾಫಿ ಕೊಟ್ಟರು. ಕಾಫಿ ತರಲು ಅರ್ಧ ಗಂಟೆ ಹಿಡಿಯಿತು. ಆಮೇಲೆ ಹೊಲಕ್ಕೆ ಹೋಗಿ ನೋಡಿದರೆ ಬದುವಿನ ಮೇಲೆ ಆಗ ತಾನೇ ಒಟ್ಟಿದ ಹುಲ್ಲಿನ ಮೆದೆ. ಪಕ್ಕದಲ್ಲಿ ಕಲ್ಲಮ್ಮ ಏದುಸಿರು ಬಿಡುತ್ತಾ ನಿಂತಿದ್ದರು, ತಲೆಯ ತುಂಬ ಹುಲ್ಲಿನ ಚೂರು.

"ಕಲ್ಲಾ? ಯಾವ್ ಕಲ್ಲಪ್ಪಾ?" ಎಂದರು. "ಇಲ್ಲೆಲ್ಲಾ ಬರೀ ಮಣ್ಣು."

ತಿಮ್ಮಪ್ಪ ಬೇರೆ ಕಡೆ ನೋಡಿದರು. ಅವರ ಲೆಕ್ಕ ನನಗೆ ಅರ್ಥವಾಯಿತು. ದೊಡ್ಡ ಕ್ಯಾಮೆರಾ ಬಂದರೆ ಹಿಂದೆಯೇ ಸರ್ಕಾರ ಬರುತ್ತದೆ, ಸರ್ಕಾರ ಬಂದರೆ ಸಂರಕ್ಷಿತ ಸ್ಮಾರಕ ಎಂಬ ಬೋರ್ಡು ಬರುತ್ತದೆ, ಬೋರ್ಡು ಬಂದ ಮೇಲೆ ಕಲ್ಲಮ್ಮ ತನ್ನ ಹೊಲದಲ್ಲಿ ತಾನೇ ಗುದ್ದಲಿ ಹಾಕುವಂತಿಲ್ಲ. ಬಳೆಯ ಒಂದಂಚು ಹುಲ್ಲಿನ ಸಂದಿಯಿಂದ ಕಾಣುತ್ತಿತ್ತು. ಅದನ್ನು ಕಂಡೂ ಕಾಣದವನಂತೆ ಬಸ್ಸು ಹತ್ತಿದೆ. ಮೈ ಉರಿಯುತ್ತಿತ್ತು.

ಹಾಗಾದರೆ ಚಿಕ್ಕದೇ ಸರಿ. ಜೇಬಿನಲ್ಲಿಟ್ಟುಕೊಂಡು ಹೋದರೆ ಯಾರು ಕೇಳುತ್ತಾರೆ? ಕಲ್ಲಮ್ಮ ಪ್ರತಿ ಸೋಮವಾರ ಮಾಸ್ತಮ್ಮನಿಗೆ ದೀಪ ಹಚ್ಚುತ್ತಾರೆಂದು ಗೊತ್ತಿತ್ತು, ಹಚ್ಚಬೇಕಾದರೆ ಹುಲ್ಲು ಸರಿಸಲೇಬೇಕು. ಬುಧವಾರ ಸ್ಕೂಲಿಗೆ ಮುಂಚೆ ಮುಗಿಸಿ ಬರೋಣವೆಂದು ಹೆಂಡತಿಯ ಹತ್ತಿರ ಒಂದು ಲೋಟ ಅಕ್ಕಿಹಿಟ್ಟು ಕೇಳಿದೆ.

"ಕಲ್ಲಿಗೆ ರೊಟ್ಟಿ ತಟ್ಟಕ್ಕೆ ಹೋಗ್ತೀರಾ?" ಎಂದಳು.

ಸವೆದ ಅಕ್ಷರಕ್ಕೆ ಒಣ ಹಿಟ್ಟು ಸವರಿ, ಮೇಲಿನದನ್ನು ಬಟ್ಟೆಯಿಂದ ಒರೆಸಿದರೆ, ಕೊರೆದ ಗೆರೆಗಳಲ್ಲಿ ಮಾತ್ರ ಹಿಟ್ಟು ಉಳಿದು ಅಕ್ಷರ ಎದ್ದು ಕಾಣುತ್ತದೆ. ಫ್ಲಾಶು ಬಿಚ್ಚಿ ಹಿಡಿಯುವ ದೊಡ್ಡ ಕ್ಯಾಮೆರಾಕ್ಕೆ ಇದು ಬೇಕಿಲ್ಲ. ಚಿಕ್ಕದಕ್ಕೆ ಬೇಕು. ಅದರಲ್ಲಿ ಬಿಳಿ ಸುಟ್ಟುಹೋಗುತ್ತದೆ ಎಂದು ಕೀರ್ತಿರಾಜ ಹೇಳಿದ್ದನಲ್ಲ, ಅದಕ್ಕೆ ನಾನೊಂದು ಉಪಾಯ ಮಾಡಿದೆ. ಬಿಳಿ ಬಟ್ಟೆಗೆ ಹಾಕುವ ನೀಲಿ ಪುಡಿಯನ್ನು ಹಿಟ್ಟಿಗೆ ಬೆರೆಸಿದೆ. ತಿಳಿ ನೀಲಿ ಹಿಟ್ಟು ತಯಾರಾಯಿತು. ನನ್ನ ಬುದ್ಧಿವಂತಿಕೆಗೆ ನಾನೇ ಬೀಗಿದೆ.

ಸೂರ್ಯ ಹುಟ್ಟುವ ಹೊತ್ತಿಗೆ ಹೊಲದಲ್ಲಿದ್ದೆ. ಹುಲ್ಲು ಸರಿದಿತ್ತು, ಕಲ್ಲಿನ ಮುಂದೆ ಸೋಮವಾರದ ದೀಪದ ಎಣ್ಣೆ, ಒಣಗಿದ ಹೂವು. ಮಂಡಿಯೂರಿ ಕೂತು ನೀಲಿ ಹಿಟ್ಟು ಸವರಿದೆ, ಒರೆಸಿದೆ, ಓರೆ ಬಿಸಿಲಿನಲ್ಲಿ ಫೋಟೋ ತೆಗೆದೆ. ಹಳೆಯ ಅಕ್ಷರವನ್ನು ಬಾಯಿಬಿಟ್ಟು ಓದಿದರೇ ನನಗೆ ತಲೆಗೆ ಹತ್ತುವುದು. ಹಾಗಾಗಿ ಕಲ್ಲಿಗೆ ಮುಖ ಹತ್ತಿರ ಹಿಡಿದು ಒಂದೊಂದೇ ಅಕ್ಷರವನ್ನು ಗೊಣಗುತ್ತಾ ಹೋದೆ. ಮೂರು ಸಾಲು ಬಂತು. ನಾಲ್ಕನೆಯದು ಬರಲಿಲ್ಲ.

"ಏನ್ ಸಾ ಮಾಡ್ತಾ ಇದ್ದೀರಿ?"

ತಿರುಗಿದರೆ ರಸ್ತೆಯಲ್ಲಿ ಬೈಕು ನಿಲ್ಲಿಸಿಕೊಂಡು ಮೂವತ್ತೈದರ ಒಬ್ಬ ಗಂಡಸು. ಕಲ್ಲಮ್ಮನ ಒಬ್ಬನೇ ಮಗ ಮೋಹನ್‌ಕುಮಾರ್, ಅರಕಲಗೂಡಿನಲ್ಲಿ ಜೆಸಿಬಿ ಓಡಿಸುತ್ತಾನೆ. ಕೆಲಸಕ್ಕೆ ಹೊರಟಿದ್ದ. ನಾನು ಅಲ್ಲೇ ನಿಜ ಹೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಭಾನುವಾರದ ಉರಿ ಇನ್ನೂ ಇತ್ತು. ಕ್ಯಾಮೆರಾವನ್ನು ಸರಕ್ಕನೆ ಜೇಬಿಗೆ ಹಾಕಿದೆ.

"ಏನಿಲ್ಲಪ್ಪ, ಸುಮ್ನೆ ವಾಕಿಂಗ್ ಬಂದಿದ್ದೆ."

ಅವನು ಕಲ್ಲನ್ನು ನೋಡಿದ. ನೀಲಿ ಹಿಟ್ಟು, ಒಣ ಹೂವು, ಬೆಳ್ಳಂಬೆಳಗ್ಗೆ ಮಂಡಿಯೂರಿ ಮಣಮಣ ಅನ್ನುತ್ತಿದ್ದ ಮುದಿ ಮೇಷ್ಟ್ರು, ಜೇಬಿಗೆ ಜಾರಿದ ಏನೋ ಒಂದು. ನಕ್ಕು, "ಆಗ್ಲಿ ಸಾ" ಎಂದು ಹೊರಟುಹೋದ. ಆ ನಗು ನನಗೆ ಹಿಡಿಸಲಿಲ್ಲ. ಹಿಟ್ಟು ತೊಳೆಯಲು ತಂದಿದ್ದ ನೀರಿನ ಬಾಟಲಿಯನ್ನು ಮುಚ್ಚಳವೂ ತೆಗೆಯದೆ ಬ್ಯಾಗಿಗೆ ತುರುಕಿ, ಹೊತ್ತಾಯಿತೆಂದು ಬಸ್ಸಿಗೆ ಓಡಿದೆ.

ಮಾರನೆಯ ದಿನ ಒಂಬತ್ತನೇ ಕ್ಲಾಸಿನಲ್ಲಿದ್ದಾಗ ತಿಮ್ಮಪ್ಪನವರ ಫೋನು ಬಂತು.

"ಮೇಷ್ಟ್ರೆ, ರಾತ್ರಿ ಮಾಸ್ತಮ್ಮನ ಬುಡ ಅಗ್ದವ್ರೆ. ಕಲ್ಲಿಗೆ ಯಾವ್ದೋ ನೀಲಿ ಪುಡಿ ಸವ್ರವ್ರೆ. ನಿಧಿ ಪೂಜೆ. ನಿನ್ನೆ ಒತ್ತಾರೆ ನೀವಲ್ಲಿ ಇದ್ರಿ ಅಂತ ನೋಡ್ದೋರವ್ರೆ. ನೀವಾಗ್ ನೀವೇ ಬತ್ತೀರೋ, ನಾವು ಸ್ಟೇಷನ್‌ಗೆ ಓಗವೋ?"

ಕೈಯಲ್ಲಿದ್ದ ಸೀಮೆಸುಣ್ಣ ಮುರಿಯಿತು. ನಿಧಿಗಳ್ಳರ ಸುದ್ದಿ ನಮ್ಮ ಕಡೆ ಹೊಸದಲ್ಲ. ಚನ್ನರಾಯಪಟ್ಟಣದ ಕಡೆ ಯಾವುದೋ ಹಾಳು ಗುಡಿಯ ಬಸವನನ್ನು ಉರುಳಿಸಿದ್ದಾರೆ ಎಂದು ಕೇಳಿದಾಗ ಅಂಥವರ ಕೈ ಕತ್ತರಿಸಬೇಕು ಎಂದು ಸ್ಟಾಫ್ ರೂಮಿನಲ್ಲಿ ಮೇಜು ಗುದ್ದಿ ಹೇಳಿದವನು ನಾನೇ. ಈಗ ಆ ಹೆಸರು ನನ್ನ ಮೇಲೆ ಬಂದು ಕೂರುತ್ತಿತ್ತು. ಮೂವತ್ತು ವರ್ಷ ಒಂದು ಕಪ್ಪುಚುಕ್ಕೆ ಇಲ್ಲದೆ ಕಾಪಾಡಿಕೊಂಡ ಹೆಸರು ಸ್ಟೇಷನ್ನಿನ ಒಂದು ದೂರಿನಲ್ಲಿ ಮಣ್ಣುಪಾಲಾಗುವುದರಲ್ಲಿತ್ತು.

ಯಾರು ಅಗೆದರು? ಮೊದಲು ಹೊಳೆದದ್ದು ಕೀರ್ತಿರಾಜ. ಬುಧವಾರ ಸಂಜೆ ಆ ಫೋಟೋಗಳನ್ನು ಅಕ್ಷರ ತಿಳಿಯುತ್ತದೆಯೇ ನೋಡಲು ಅವನಿಗೆ ಕಳಿಸಿದ್ದೆ. ಕಲ್ಲಿರುವ ಜಾಗ ಅವನಿಗೆ ಬಿಟ್ಟರೆ ಬೇರೆ ಯಾರಿಗೂ ಹೇಳಿರಲಿಲ್ಲ. ಹದಿನೆಂಟು ವರ್ಷದ ಹಗೆ, ಚೀಟಿಯಿಲ್ಲದೆ ಕೊಟ್ಟ ಕ್ಯಾಮೆರಾ, ಎಲ್ಲ ತಾಳೆಯಾಯಿತು. ಫೋನು ಹಚ್ಚಿ ಕೂಗಾಡಿದೆ.

"ಯಾರಿಗೆ ಕಳಿಸ್ದೆ? ನಿಜ ಹೇಳು. ಯಾರಿಗೆ ಕೊಟ್ಟೆ ಆ ಫೋಟೋನ?"



"ಯಾರಿಗೂ ಇಲ್ಲ ಸಾರ್. ಬೇಕಾದ್ರೆ ಮೊಬೈಲ್ ತಂದು ನಿಮ್ಮ ಮುಂದೆ ಇಡ್ತೀನಿ. ಅವತ್ತಿನ ಥರ ಜೇಬೂ ತೋರಿಸ್ತೀನಿ."

ಅವನೇ ಮುಂದುವರಿಸಿದ. "ಅಲ್ಲಿಗೆ ಹೋಗೋದಾದ್ರೆ ದೊಡ್ಡ ಕ್ಯಾಮೆರಾನ ಕುತ್ತಿಗೆಗೆ ಹಾಕ್ಕೊಂಡು ಎಲ್ಲರಿಗೂ ಕಾಣೋ ಹಂಗೆ ಹೋಗಿ ಸಾರ್. ಮತ್ತೆ ಜೇಬಲ್ಲಿ ಏನೂ ಇಟ್ಕೊಂಡ್ ಹೋಗ್ಬೇಡಿ."

ಸಂಜೆ ನಾಲ್ಕೂವರೆಗೆ ಕೊಪ್ಪಲು ತಲುಪಿದೆ. ಹೊಲದಲ್ಲಿ ಹದಿನೈದು ಇಪ್ಪತ್ತು ಜನ. ಯಾರೂ ಬನ್ನಿ ಅನ್ನಲಿಲ್ಲ, ಯಾರೂ ಬೈಯಲೂ ಇಲ್ಲ. ಎಲ್ಲರೂ ನನ್ನ ಕೈ, ಬ್ಯಾಗು, ಜೇಬು ನೋಡುತ್ತಿದ್ದರು. ಪರೀಕ್ಷಾ ಕೊಠಡಿಯಲ್ಲಿ ನಾನು ಮಕ್ಕಳನ್ನು ನೋಡುತ್ತಿದ್ದುದು ಹೀಗೇ. ಈ ಕಡೆ ನಿಂತು ಆ ನೋಟವನ್ನು ಅನುಭವಿಸಿದ್ದು ಅದೇ ಮೊದಲು, ಏನೂ ಮಾಡದವನಿಗೂ ತಾನು ಕಳ್ಳನೇ ಇರಬಹುದು ಅನ್ನಿಸಿಬಿಡುತ್ತದೆ.

ಕಲ್ಲಿನ ಬುಡದಲ್ಲಿ ಸೊಂಟದಷ್ಟು ಆಳದ ಗುಂಡಿ. ಹಾರೆಯಿಂದ ಮೀಟಿದ ರಭಸಕ್ಕೆ ಕಲ್ಲು ಒಂದು ಮಗ್ಗುಲಿಗೆ ವಾಲಿತ್ತು. ಮೇಲಿದ್ದ ನನ್ನ ನೀಲಿ ಹಿಟ್ಟು ಅಲ್ಲಲ್ಲಿ ಉಜ್ಜಿಹೋಗಿತ್ತು. ಗುಂಡಿಯಲ್ಲಿ ಮಣ್ಣು ಬಿಟ್ಟರೆ ಏನೂ ಇರಲಿಲ್ಲ. ಕಲ್ಲಮ್ಮ ಕಲ್ಲಿನ ಪಕ್ಕ ನೆಲದ ಮೇಲೆ ಕೂತಿದ್ದರು. ಅವರ ಸೆರಗು ಹಿಡಿದುಕೊಂಡು ನಾಲ್ಕು ವರ್ಷದ ಮೊಮ್ಮಗಳು ಪ್ರೇಕ್ಷಾ. ಸ್ವಲ್ಪ ದೂರದಲ್ಲಿ ಮೋಹನ್‌ಕುಮಾರ್ ಕೈಕಟ್ಟಿ ನಿಂತಿದ್ದ.

ಹಿಟ್ಟು ನನ್ನದೇ, ಅದು ಅಕ್ಷರ ಓದುವುದಕ್ಕೆ ಎಂದು ವಿವರಿಸಿದೆ. ಯಾಕೆ ಸವರಬೇಕು, ಯಾಕೆ ಒರೆಸಬೇಕು, ನೀಲಿ ಯಾಕೆ, ಎಲ್ಲವನ್ನೂ ಪಾಠ ಮಾಡಿದಂತೆ ಹೇಳಿದೆ.

"ಓದಕ್ಕೆ ಬಂದೋರು ವಾಕಿಂಗ್ ಅಂತ ಯಾಕಂದ್ರಿ?" ಎಂದರು ತಿಮ್ಮಪ್ಪ.

ನಾನು ಕುತ್ತಿಗೆಯಲ್ಲಿದ್ದ ಕ್ಯಾಮೆರಾದ ಪಟ್ಟಿ ಸರಿಮಾಡಿಕೊಂಡೆ. ಅವರೇ ಮುಂದುವರಿಸಿದರು.

"ಸರಿ. ನಿಮ್ ಕ್ಯಾಮರಾ ದೊಡ್ಡದು. ನೀವೇ ಫೋಟೋ ಒಡೀರಿ. ಗುಂಡಿದು, ಕಲ್ಲುದು, ಇಲ್ ನಿಂತಿರೋ ಸಾಕ್ಷಿಗಳದು. ಕಂಪ್ಲೇಂಟ್ ಜೊತೆ ಕೊಡವಾ. ನೀವ್ ಮಾಡಿಲ್ಲ ಅಂದ್ರೆ ಭಯ ಯಾಕೆ?"

ನನ್ನ ಮೇಲಿನ ದೂರಿಗೆ ನಾನೇ ಫೋಟೋ ತೆಗೆಯಬೇಕು. ತೆಗೆದೆ. ಗುಂಡಿ, ವಾಲಿದ ಕಲ್ಲು, ಫ್ಲಾಶು ಪಕ್ಕಕ್ಕೆ ಹಿಡಿದು ಅಕ್ಷರದ ಸಾಲು, ಕೊನೆಗೆ ಸಾಲಾಗಿ ನಿಂತ ಜನ. ಕೀರ್ತಿರಾಜ ಹೇಳಿಕೊಟ್ಟಂತೆ ತೆಗೆದ ತಕ್ಷಣ ಸ್ಕ್ರೀನಿನಲ್ಲಿ ದೊಡ್ಡದು ಮಾಡಿದೆ. ತಿಮ್ಮಪ್ಪನವರ ಮೀಸೆಯ ಒಂದೊಂದು ಕೂದಲೂ ಕಂಡಿತು. ಪಕ್ಕಕ್ಕೆ ಸರಿಸಿದೆ. ಮೋಹನ್‌ಕುಮಾರನ ಕಟ್ಟಿದ ಕೈ ಬಂತು. ಸ್ಟೀಲ್ ಚೈನಿನ ವಾಚು. ಚೈನಿನ ಕೊಂಡಿಗಳ ನಡುವೆ ಏನೋ ಕಂಡು ಇನ್ನೂ ದೊಡ್ಡದು ಮಾಡಿದೆ.

ತಿಳಿ ನೀಲಿ. ಒಂದೊಂದು ಕೊಂಡಿಯ ಸಂದಿಯಲ್ಲೂ ಮೆತ್ತಿಕೊಂಡಿತ್ತು.

ಕೈ ತೊಳೆದಿದ್ದ, ಅಂಗಿ ಬದಲಿಸಿದ್ದ, ವಾಚು ಮರೆತಿದ್ದ. ಬುಧವಾರದ ಅವನ ನಗು ನೆನಪಾಯಿತು. ಕೆಳಗೆ ನಿಧಿಯಿದೆ ಎಂದು ಗೊತ್ತಿಲ್ಲದೆ ಮೇಷ್ಟ್ರು ಪೂಜೆ ಮಾಡುತ್ತಾರೆಯೇ, ಇವರಿಗಿಂತ ಮುಂಚೆ ನಾನೇ ತೆಗೆದುಬಿಡೋಣ ಎಂದುಕೊಂಡಿದ್ದಾನೆ. ನನಗೆ ಖುಷಿಯಾಯಿತು, ಅದನ್ನು ಯಾಕೆ ಮುಚ್ಚಿಡಲಿ. ಮೂವತ್ತು ವರ್ಷದಲ್ಲಿ ಎಷ್ಟೋ ಕಾಪಿ ಚೀಟಿ ಹಿಡಿದಿದ್ದೇನೆ, ಇಷ್ಟು ಖಚಿತವಾಗಿ ಒಂದೂ ಕೈಗೆ ಸಿಕ್ಕಿರಲಿಲ್ಲ. ಈ ಸ್ಕ್ರೀನನ್ನು ತಿಮ್ಮಪ್ಪನವರ ಕಡೆ ತಿರುಗಿಸಿದರೆ ಸಾಕು, ನನ್ನ ಹೆಸರು ನನಗೆ ವಾಪಸ್ಸು.

ತಲೆ ಎತ್ತಿದೆ. ಕಲ್ಲಮ್ಮ ಎದ್ದು ನಿಂತಿದ್ದರು. ಗುಂಡಿಯ ಅಂಚಿನಿಂದ ಒಂದು ಹಿಡಿ ಮಣ್ಣು ಬಾಚಿಕೊಂಡಿದ್ದರು.

ಜನ ಎರಡು ಹೆಜ್ಜೆ ಹಿಂದೆ ಸರಿದರು. ಮಣ್ಣು ತೂರಿ ಶಾಪ ಹಾಕುವುದೆಂದರೆ ನಮ್ಮ ಕಡೆ ಬಾಯಿಮಾತಿನ ಬೈಗುಳವಲ್ಲ. ಒಮ್ಮೆ ತೂರಿದ ಮಣ್ಣನ್ನು ವಾಪಸ್ಸು ಆರಿಸಲಾಗುವುದಿಲ್ಲ, ಹಾಗೇ ಆ ಮಾತನ್ನೂ. ಅದನ್ನು ಹಾಕಿಸಿಕೊಂಡವರೂ ಹಾಕಿದವರೂ ಸಾಯುವತನಕ ಮರೆಯುವುದಿಲ್ಲ.

"ಅರವತ್ ವರ್ಸ ದೀಪ ಅಚ್ಚಿವ್ನಿ ಈ ತಾಯ್ಗೆ," ಎಂದರು. ದನಿ ನಡುಗುತ್ತಿರಲಿಲ್ಲ. "ಇವ್ಳ ಬುಡಕ್ಕೆ ಆರೆ ಆಕ್ದೋನು ಯಾವನಾರಾ ಆಗ್ಲಿ. ಅವ್ನ ವಂಸ..."

ಮೋಹನ್‌ಕುಮಾರನ ಮುಖ ಬಿಳಿಚಿಕೊಂಡಿತ್ತು. ಅವನ ವಂಶವೆಂದರೆ ಅಜ್ಜಿಯ ಸೆರಗು ಹಿಡಿದುಕೊಂಡು ಗುಂಡಿಯೊಳಗೆ ಇಣುಕುತ್ತಿದ್ದ ಆ ಒಂದು ಮಗು.

"ಫೋಟೋ ತೋರ್ಸಿ ಮೇಷ್ಟ್ರೆ," ಎಂದು ತಿಮ್ಮಪ್ಪ ಅದೇ ಹೊತ್ತಿಗೆ ಕೈಚಾಚಿದರು.

ನನ್ನ ಹೆಬ್ಬೆರಳು ಫೋಟೋ ಅಳಿಸುವ ಬಟನ್ನಿನ ಮೇಲೆ ಹೋಯಿತು. ಒತ್ತಿದೆ. ಖಚಿತವೇ ಎಂದು ಕ್ಯಾಮೆರಾ ಕೇಳಿತು, ಇನ್ನೊಮ್ಮೆ ಒತ್ತಿದೆ.

"ಯಾಕಳ್ಸಿದ್ರಿ? ಏಯ್, ಅಳ್ಸ್‌ಬುಟ್ರು ನೋಡ್ರಪ್ಪಾ! ಏನಿತ್ತದ್ರಾಗೆ?"

"ಅಲುಗಾಡಿತ್ತು," ಎಂದೆ. ಅಷ್ಟರಲ್ಲಿ ನಾನು ಕಲ್ಲಮ್ಮನ ಮುಂದೆ ಹೋಗಿ ನಿಂತಿದ್ದೆ. "ಅಮ್ಮ, ಯಾವನಾದರೂ ಆಗಲಿ ಅನ್ನಬೇಡಿ. ನನ್ನ ಹೆಸರು ಹೇಳಿ ತೂರಿ. ಶಾಂತರಾಜು ಅನ್ನಿ."

ಶಾಪವನ್ನು ನಂಬದವನ ಮೇಲೆ ಅದು ಬಿದ್ದರೆ ಯಾರಿಗೇನು ನಷ್ಟ ಎಂದು ನನ್ನ ಲೆಕ್ಕ. ಆದರೂ ತೋಳಿನ ಕೂದಲು ನಿಮಿರಿದ್ದವು.

"ನೀವಾ ಅಗ್ದಿದ್ದು?" ಎಂದರು ಕಲ್ಲಮ್ಮ.

"ಹೂಂ."

ಹಿಂದೆ ಗಲಾಟೆ ಎದ್ದಿತು. ಯಾರೋ ನನ್ನ ಬ್ಯಾಗು ಹಿಡಿದು ಎಳೆದರು. ಕಲ್ಲಮ್ಮ ಮಣ್ಣಿಲ್ಲದ ಕೈಯಿಂದ ನನ್ನ ಬಲಗೈ ಹಿಡಿದುಕೊಂಡು ಅಂಗೈ ಮೇಲೆ ಮಾಡಿದರು. ಹೆಬ್ಬೆರಳಿನಿಂದ ಅದನ್ನು ಒತ್ತಿ ನೋಡಿದರು, ಪೇಟೆಯಲ್ಲಿ ಬದನೆಕಾಯಿ ಒತ್ತಿ ನೋಡುವ ಹಾಗೆ.

"ಆರೆ ಇಡ್ದಿರೋ ಕೈಯಾ ಇದು?" ಎಂದರು ಮೆಲ್ಲಗೆ, ನನಗಷ್ಟೇ ಕೇಳುವಂತೆ. "ಒಂದ್ ಬೊಬ್ಬೆ ಇಲ್ಲ. ಸೀಮೆಸುಣ್ಣ ಇಡ್ದಿರೋ ಕೈ. ಯಾಕಪ್ಪಾ ಸುಳ್ಳೇಳ್ತೀಯ? ಯಾರ್ ಸಲುವಾಗಿ..."

ಅಲ್ಲಿಗೆ ನಿಲ್ಲಿಸಿಬಿಟ್ಟರು. ನನ್ನ ಕಣ್ಣಿನೊಳಗೆ ನೋಡಿದರು. ನಾನು ಕಣ್ಣು ತಪ್ಪಿಸಿದೆ, ಮತ್ತು ತಪ್ಪಿಸಬಾರದಾಗಿದ್ದ ಕಡೆಗೇ ತಪ್ಪಿಸಿದೆ. ಅವರು ನನ್ನ ನೋಟದ ಹಿಂದೆಯೇ ತಿರುಗಿ ಮಗನನ್ನು ನೋಡಿದರು. ಅವನು ತಲೆ ತಗ್ಗಿಸಿದ.

ಅವರ ಮುಖ ಆಗ ಹೇಗಾಯಿತೆಂದು ಹೇಳಲು ನನ್ನಿಂದಾಗದು. ಕಾಪಾಡುತ್ತೇನೆಂದು ಹೋಗಿ ನಾನೇ ಹೇಳಿಕೊಟ್ಟಂತಾಯಿತು.

ಕೈಯಲ್ಲಿದ್ದ ಮಣ್ಣನ್ನು ಅವರು ತೂರಲಿಲ್ಲ. ಬಗ್ಗಿ, ಗುಂಡಿಯೊಳಗೆ ಮೆಲ್ಲಗೆ ಸುರಿದರು.

"ಮೋಹನಾ, ಮಗೀನ ಎತ್ಕೋ. ಗುಂಡಿಗ್ ಬಿದ್ದಾತು," ಎಂದರು. ಆಮೇಲೆ ಎಲ್ಲರ ಕಡೆ ತಿರುಗಿ ದನಿ ಎತ್ತಿದರು. "ಬುಡ್ರಪ್ಪಾ, ಸಾಕು. ಏನೂ ಓಗಿಲ್ಲ. ಇದ್ದಿದ್ರಲ್ವಾ ಓಗಾದು? ಕಲ್ಲು ನಂದು, ವಲ ನಂದು. ಸ್ಟೇಷನ್ನೂ ಬ್ಯಾಡ, ಗೀಷನ್ನೂ ಬ್ಯಾಡ. ಬನ್ನಿ, ಕೈ ಆಕಿ, ನೆಟ್ಟಗ್ ನಿಲ್ಸವಾ."

"ಅಂಗಲ್ಲ ಕಲ್ಲಮ್ಮ, ಇವ್ರೇ ಒಪ್ಕೊಂಡವ್ರಲ್ಲ..." ಎಂದರು ತಿಮ್ಮಪ್ಪ.

"ಮೇಷ್ಟ್ರಿಗೆ ಬಿಸ್ಲು ಒಡ್ದದೆ. ನೀನು ಆ ಕಡೆ ಇಡ್ಕೋ."

ಮಗುವನ್ನು ಯಾರದೋ ಕೈಗೆ ಕೊಟ್ಟು ಮೋಹನ್‌ಕುಮಾರ್ ಎಲ್ಲರಿಗಿಂತ ಮೊದಲು ಗುಂಡಿಗೆ ಇಳಿದ. ಕಲ್ಲಿಗೆ ಹೆಗಲು ಕೊಟ್ಟಾಗ ಅವನ ಕಣ್ಣಿಂದ ನೀರು ಸುರಿಯುತ್ತಿತ್ತು. ನೋಡಿದವರು ಬೆವರು ಎಂದುಕೊಂಡರು. ನಾನು ಬ್ಯಾಗಿನಲ್ಲಿ ಹಾಗೇ ಉಳಿದಿದ್ದ ಬಾಟಲಿಯ ನೀರಿನಿಂದ ನೀಲಿ ಹಿಟ್ಟನ್ನು ತೊಳೆದೆ, ನೆಟ್ಟಗೆ ನಿಂತ ಕಲ್ಲಿನದೊಂದು ಫೋಟೋ ತೆಗೆದೆ. ಹೊರಡುವಾಗ ಕಲ್ಲಮ್ಮ ಬದುವಿನ ತನಕ ಬಂದರು.

"ಅದ್ರಾಗ್ ಏನ್ ಬರ್ದೈತೆ ಅಂತ ತಿಳ್ದ್ರೆ ಬಂದೇಳಪ್ಪ," ಎಂದರು. "ಬರಂಗಿದ್ರೆ ಆ ದೊಡ್ಡದನ್ನೇ ನೇತಾಕ್ಕೊಂಡ್ ಬಾ. ಕದ್ದು ಮುಚ್ಚಿ ಬರ್ಬ್ಯಾಡ."

ಶನಿವಾರ ಮಧ್ಯಾಹ್ನ ಎರಡೂ ಕ್ಯಾಮೆರಾಗಳನ್ನು ಕೀರ್ತಿರಾಜನ ಗಾಜಿನ ಮೇಲೆ ಇಟ್ಟೆ. ದೊಡ್ಡದರ ಫೋಟೋಗಳನ್ನು ಅವನು ಕಂಪ್ಯೂಟರಿಗೆ ಹಾಕಿದ. ಪಕ್ಕದ ಬೆಳಕಿನಲ್ಲಿ ತೆಗೆದ ನಾಲ್ಕನೇ ಸಾಲು ಪರದೆಯ ತುಂಬ ನಿಂತಿತು. ಅಕ್ಷರದ ಮೇಲೆ ಬೆರಳಿಟ್ಟು ಬಾಯಿಬಿಟ್ಟು ಓದಿದೆ. ಮಾದವ್ವೆ. ಅಷ್ಟೇ ಹೆಸರು. ಕಲ್ಲಮ್ಮನಿಗೆ ಹೇಳಬೇಕು.

"ಸಾರ್, ನಲವತ್ತಾರು ಆದ್ಮೇಲೆ ನಲವತ್ತೆಂಟಿದೆ," ಎಂದ ಕೀರ್ತಿರಾಜ ಫೋಟೋಗಳ ಸಾಲಿನ ಕೊನೆಗೆ ಬಂದು. "ನಲವತ್ತೇಳು ಅಳಿಸಿದೀರಿ. ಕೈತಪ್ಪಿದ್ರೆ ಹೇಳಿ, ಕಾರ್ಡಿಂದ ವಾಪಸ್ ತೆಗಿಯೋಕ್ಕಾಗುತ್ತೆ. ಎರಡು ನಿಮಿಷ."

ಆ ಫೋಟೋ ಒಂದಿದ್ದರೆ ತಿಮ್ಮಪ್ಪನವರ ಬಾಯಿ ಮುಚ್ಚುತ್ತಿತ್ತು. ಹಳೇಕೋಟೆಯ ಬಸ್ ಸ್ಟಾಪಿನಲ್ಲಿ ಜನ ಇವತ್ತಿಗೂ ನನ್ನ ಬ್ಯಾಗಿನ ಮೇಲೆ ಕಣ್ಣಿಡುವುದು ನಿಲ್ಲುತ್ತಿತ್ತು.

"ಬೇಡ," ಎಂದೆ. "ಕಾರ್ಡು ಪೂರ್ತಿ ಒರೆಸಿಬಿಡು, ಉಳಿದದ್ದು ಕಂಪ್ಯೂಟರಿಗೆ ಬಂತಲ್ಲ."

ಏನಿತ್ತು ಎಂದು ಅವನು ಕೇಳಲಿಲ್ಲ. ಯಾಕೆ ಎಂದೂ ಕೇಳಲಿಲ್ಲ. ಹೇಳಿದಂತೆ ಒರೆಸಿ, ಚಿಕ್ಕ ಕ್ಯಾಮೆರಾವನ್ನು ಅದರ ಡಬ್ಬಿಗೆ ಹಾಕಿ ಒಳಗಿಟ್ಟ. ಅವನ ಜಾಗದಲ್ಲಿ ನಾನಿದ್ದಿದ್ದರೆ ಕೇಳದೆ ಬಿಡುತ್ತಿರಲಿಲ್ಲ.

"ಕೀರ್ತಿ, ಅವತ್ತು ನಿನ್ನ ಜೇಬಿನಲ್ಲಿ ಏನೂ ಇರಲಿಲ್ಲ," ಎಂದೆ. "ಹದಿನೆಂಟು ವರ್ಷ ಇತ್ತು ಅಂತಲೇ ನಂಬಿಕೊಂಡಿದ್ದೆ ಕಣಯ್ಯ. ತಪ್ಪು ನಂದು."

ಅವನು ಲೆನ್ಸು ಒರೆಸುತ್ತಲೇ ಇದ್ದ.

"ನೀವು ಹುಡುಕೋದ್ರಲ್ಲಿ ಇಪ್ಪತ್ತು ನಿಮಿಷ ಹೋಯ್ತು ಸಾರ್. ಎರಡು ಲೆಕ್ಕ ಉಳಿದೋಯ್ತು. ಎರಡೂ ನಂಗೆ ಬರ್ತಿತ್ತು," ಎಂದ. ಆಮೇಲೆ ಕ್ಯಾಮೆರಾ ಎತ್ತಿ, "ಬ್ಯಾಗಿಗೆ ಹಾಕ್ಲಾ?" ಎಂದು ಕೇಳಿದ.

ಬೇಡವೆಂದು ತಲೆಯಾಡಿಸಿ ಕುತ್ತಿಗೆ ಬಗ್ಗಿಸಿದೆ. ಪಟ್ಟಿಯನ್ನು ಅವನೇ ಹಾಕಿದ.